"ಅಜ್ಜ, ನಿಮ್ಮ ಮಿಲ್ಲು ಎಲ್ಲಿದೆ?"

ಈ ಬೇಸಿಗೆಗೆ ಅಪ್ಪಾಜಿ, ಅಮ್ಮ ದಾವಣಗೆರೆಯಿಂದ ಅಮೆರಿಕದ ನಮ್ಮ ಮನೆಗೆ ಬಂದಿದ್ದಾರೆ. ಜುಲೈ ಕೊನೆಯಲ್ಲಿ ಅವರನ್ನೂ ಕರೆದುಕೊಂಡು ಲೋವೆಲ್ ಜಾನಪದ ಉತ್ಸವಕ್ಕೆ ಹೋಗಿದ್ದೆವು. ಅಲ್ಲಿ ನನ್ನ ಮಗಳು ಅಜ್ಜನನ್ನು ಕೇಳಿದ ಒಂದು ಪ್ರಶ್ನೆ ಇನ್ನೂ ನನ್ನ ತಲೆ ಬಿಟ್ಟು ಹೋಗಿಲ್ಲ. ಅದನ್ನು ಊರಿನವರಿಗೇ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಲೋವೆಲ್ ಅಂದರೆ ಬಾಸ್ಟನ್ನಿನ ಉತ್ತರಕ್ಕಿರುವ ಹಳೇ ಬಟ್ಟೆ ಮಿಲ್ಲುಗಳ ಊರು. ಮೆರಿಮ್ಯಾಕ್ ನದಿ ಇಲ್ಲಿ ಸುಮಾರು 32 ಅಡಿ ಕೆಳಗಿಳಿಯುತ್ತದೆ. ಆ ನೀರನ್ನು ಕಾಲುವೆಗೆ ತಿರುಗಿಸಿ, ಅದರ ಬಲದಿಂದ 1820ರ ದಶಕದಲ್ಲಿ ಮಗ್ಗ ಓಡಿಸಲು ಶುರುಮಾಡಿದರು. ಮೊದಲು ಸುತ್ತಲಿನ ಹಳ್ಳಿಗಳಿಂದ ರೈತರ ಹೆಣ್ಣುಮಕ್ಕಳು ಕೆಲಸಕ್ಕೆ ಬಂದರು. ಆಮೇಲೆ ಐರಿಷರು, ಕೆನಡಾ ಕಡೆಯ ಫ್ರೆಂಚರು, ಗ್ರೀಕರು, ಪೋಲೆಂಡಿನವರು, ಪೋರ್ಚುಗೀಸರು. ದೊಡ್ಡ ಮಿಲ್ಲುಗಳೆಲ್ಲ ಮುಚ್ಚಿದ ಮೇಲೆ, 1980ರ ದಶಕದಲ್ಲಿ, ಖ್ಮೇರ್ ರೂಜ್ ಎಂಬ ಕ್ರೂರ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಜೀವ ಉಳಿಸಿಕೊಂಡ ಕಾಂಬೋಡಿಯಾದ ಜನ ಬಂದು ನೆಲೆಸಿದರು. ಇವತ್ತು ಅಮೆರಿಕದಲ್ಲಿ ಅವರು ಅತಿ ಹೆಚ್ಚಾಗಿರುವ ಊರುಗಳಲ್ಲಿ ಇದೂ ಒಂದು.

ಉತ್ಸವದಲ್ಲಿ ಇವರೆಲ್ಲರ ಹಾಡು, ಕುಣಿತ, ಅಡುಗೆ, ಕೈಕೆಲಸ ಒಟ್ಟೊಟ್ಟಿಗೆ. ದೂರದ ಊರುಗಳ ಕಲಾವಿದರೂ ಬರುತ್ತಾರೆ. ಮೂರು ದಿನ ನಡೆಯುತ್ತದೆ, ಟಿಕೆಟ್ ಇಲ್ಲ. ಸ್ವಯಂಸೇವಕರು ಬಕೆಟ್ ಹಿಡಿದು ಓಡಾಡುತ್ತಾರೆ, ನಮ್ಮ ಕೈಲಾದಷ್ಟು ಹಾಕಬೇಕು. ಅಡುಗೆ ಮಳಿಗೆ ಹಾಕುವವರು ಹೋಟೆಲಿನವರಲ್ಲ, ಚರ್ಚಿನವರು, ಬೇರೆ ಬೇರೆ ಸಮುದಾಯದ ಸಂಘದವರು. ಪೋಲೆಂಡಿನ ಪಿರೋಗಿ ತಿಂದ ಅಮ್ಮ, "ನಮ್ಮ ಕಡುಬೇ ಇದು. ಹೂರಣದ ಬದಲು ಆಲೂಗಡ್ಡೆ ತುಂಬ್ಯಾರೆ ನೋಡು" ಎಂದು ಇನ್ನೊಂದು ತಟ್ಟೆ ತರಿಸಿದರು.

ಮರದ ನೆರಳಲ್ಲಿ ಕಾಂಬೋಡಿಯಾದ ಅಜ್ಜಿಯೊಬ್ಬರು ಹುಡುಗಿಯೊಬ್ಬಳನ್ನು ಕುಣಿತಕ್ಕೆ ಅಣಿ ಮಾಡುತ್ತಿದ್ದರು. ಅವಳ ಬೆರಳುಗಳನ್ನು ಒಟ್ಟಿಗೆ ಹಿಡಿದು ನಿಧಾನವಾಗಿ ಹಿಂದಕ್ಕೆ ಬಾಗಿಸುತ್ತಿದ್ದರು. ಹುಡುಗಿಗೆ ನೋವಾಗುತ್ತಿತ್ತು, ಆದರೂ ಕೈ ಎಳೆದುಕೊಳ್ಳಲಿಲ್ಲ. ಖ್ಮೇರ್ ರೂಜ್ ಕಾಲದಲ್ಲಿ ಈ ಕುಣಿತದ ಗುರುಗಳಲ್ಲಿ ಹೆಚ್ಚಿನವರು ಸತ್ತುಹೋದರು. ಉಳಿದವರು ನೆನಪಿನಿಂದಲೇ ಮಕ್ಕಳಿಗೆ ಹೇಳಿಕೊಟ್ಟರು. ಲೋವೆಲ್ಲಿನಲ್ಲಿ ಅಂಕೋರ್ ಡಾನ್ಸ್ ಟ್ರೂಪ್ ಎಂಬ ಅವರ ಕುಣಿತದ ತಂಡ ಶುರುವಾದದ್ದು 1986ರಲ್ಲಿ. ಅಂದರೆ ಜನ ಬಂದು ಇನ್ನೂ ಸರಿಯಾಗಿ ಬೇರು ಬಿಡುವ ಮೊದಲೇ ಕುಣಿತದ ಕ್ಲಾಸು ಶುರು ಮಾಡಿದ್ದರು!

ಮಧ್ಯಾಹ್ನ ಬಿಸಿಲು ಜಾಸ್ತಿ ಆಯಿತು ಅಂತ ಬೂಟ್ ಕಾಟನ್ ಮಿಲ್ಸ್ ಮ್ಯೂಸಿಯಂ ಒಳಗೆ ಹೋದೆವು. ಹಳೇ ಮಿಲ್ಲನ್ನೇ ಮ್ಯೂಸಿಯಂ ಮಾಡಿದ್ದಾರೆ. ಕೆಳಗಿನ ಅಂತಸ್ತಿನಲ್ಲಿ ಸಾಲು ಸಾಲು ಮಗ್ಗಗಳು. ಬರೀ ನೋಡಲಿಕ್ಕೆ ಇಟ್ಟದ್ದಲ್ಲ, ಕೆಲವನ್ನು ನಿಜವಾಗಿಯೂ ಓಡಿಸುತ್ತಾರೆ. ನೆಲ ನಡುಗುತ್ತದೆ. ಎಣ್ಣೆ, ಹತ್ತಿ ಧೂಳು ಸೇರಿದ ವಾಸನೆ.

ಬಾಗಿಲಲ್ಲಿ ಕಿವಿಗೆ ಇಟ್ಟುಕೊಳ್ಳಲು ಕೊಟ್ಟದ್ದನ್ನು ಅಪ್ಪಾಜಿ ಜೇಬಿಗೆ ಹಾಕಿಕೊಂಡರು. ಅವರು ದಾವಣಗೆರೆಯ ಮಿಲ್ಲೊಂದರಲ್ಲಿ ಮಗ್ಗ ನಡೆಸಿದವರು. ನಾನು ಏನೋ ಹೇಳಿದೆ. ನನ್ನ ಮಾತು ನನಗೇ ಕೇಳಲಿಲ್ಲ, ಅವರಿಗೆ ಮಾತ್ರ ತಿಳಿಯಿತು. ತುಟಿ ನೋಡಿ ಮಾತು ಹಿಡಿಯುವುದು ಮಿಲ್ಲಿನವರಿಗೆ ರೂಢಿ ಅಲ್ವಾ. ಒಂದು ಮಗ್ಗದ ಮುಂದೆ ನಿಂತು ಲಾಳಿ ಅತ್ತಿಂದಿತ್ತ ಹಾರುವುದನ್ನೇ ನೋಡುತ್ತಿದ್ದರು. ಎಳೆ ತುಂಡಾಯಿತೋ ಏನೋ, ಮಗ್ಗ ನಿಂತಿತು. ಅಪ್ಪಾಜಿಯ ಬಲಗೈ ತಾನಾಗೇ ಮುಂದೆ ಹೋಯಿತು. ಹೆಬ್ಬೆರಳು, ತೋರುಬೆರಳು ಎಳೆ ಹೊಸೆದು ಗಂಟು ಹಾಕುವ ಹಾಗೆ ಗಾಳಿಯಲ್ಲೇ ಆಡಿದವು. ಮಗ್ಗ ನೋಡಿಕೊಳ್ಳುವ ಮನುಷ್ಯ ಅದನ್ನು ಗಮನಿಸಿದ. "ವೀವರ್?" ಎಂದ. ಅಪ್ಪಾಜಿ ತಲೆಯಾಡಿಸಿದರು. ಆತ ಬಂದು ಎರಡೂ ಕೈಯಲ್ಲಿ ಅವರ ಕೈ ಹಿಡಿದು ಕುಲುಕಿದ. ನನ್ನ ಅಪ್ಪನ ಕೆಲಸಕ್ಕೆ ಅಪರಿಚಿತನೊಬ್ಬ ಇಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಮಗಳು ಕೇಳಿದಳು, "ಅಜ್ಜ, ನಿಮ್ಮ ಮಿಲ್ಲು ಎಲ್ಲಿದೆ? ನಾವು ಬಂದಾಗ ತೋರಿಸ್ತೀರಾ? ಅಲ್ಲೂ ಹೀಗೆ ಹಾಡ್ತಾರಾ?"

"ಇಲ್ಲವ್ವ. ಅದನ್ನ ಕೆಡವಿ ಸೈಟ್ ಮಾಡಿ ಮಾರ್ಯಾರೆ."

"ಒಂದು ಗೋಡೆನೂ ಇಟ್ಟಿಲ್ವಾ?"

"ಇಲ್ಲ."

ಅಷ್ಟೇ ಮಾತು. ಅವಳು ತಮ್ಮನ ಹಿಂದೆ ಓಡಿದಳು. ಅಪ್ಪಾಜಿ ನೀರು ಕುಡಿದರು. ನನಗೆ ಮಾತ್ರ ಹೊಟ್ಟೆಯಲ್ಲಿ ಸಂಕಟ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಊರು ದಾವಣಗೆರೆ. ಇವತ್ತು ಯಾರನ್ನು ಕೇಳಿದರೂ ಬೆಣ್ಣೆದೋಸೆ ಅನ್ನುತ್ತಾರೆ. ಬೆಣ್ಣೆದೋಸೆ ನನಗೂ ಪ್ರಾಣ. ಆದರೆ ಮಿಲ್ಲಿನ ಕೂಗಿಗೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲವೊಂದಿತ್ತು. ಕೂಗು ಆದ ಕೂಡಲೇ ಅಮ್ಮ ಒಲೆ ಮೇಲೆ ರೊಟ್ಟಿ ಹಂಚು ಇಡುತ್ತಿದ್ದರು. ನಮ್ಮ ಸಾಲು ಮನೆಗಳಲ್ಲಿ ತೆಲುಗು ಮಾತಾಡುವವರಿದ್ದರು, ಮರಾಠಿಯವರಿದ್ದರು, ಉರ್ದುವಿನವರಿದ್ದರು, ತಾಂಡಾದಿಂದ ಬಂದ ಲಂಬಾಣಿ ಮನೆಯೂ ಇತ್ತು. ಸೋಮವಾರ ರಾತ್ರಿ ಭಜನೆ. ಪಾಳಿ ಮುಗಿಸಿ ಬಂದವರು ತಲೆಗೂದಲಲ್ಲಿ ಹತ್ತಿ ಹಾಗೇ ಇಟ್ಟುಕೊಂಡು ತಾಳ ಹಿಡಿದು ಕೂರುತ್ತಿದ್ದರು. ಹಾರ್ಮೋನಿಯಂ ಎಲ್ಲರೂ ಪಟ್ಟಿ ಹಾಕಿ ತಂದದ್ದು. ಮೊಹರಂ ಬಂದರೆ ಅದೇ ಭಜನೆಯವರು ಅಲಾಯಿ ಕುಣಿಯಲು ಹೋಗುತ್ತಿದ್ದರು, ರಿವಾಯತ್ ಪದ ಹೇಳುತ್ತಿದ್ದರು. ಎರಡು ವರ್ಷಕ್ಕೊಮ್ಮೆ ದುರ್ಗಮ್ಮನ ಜಾತ್ರೆ. ಆಗಂತೂ ಸಾಲು ಮನೆಗಳವರು ನಿದ್ದೆ ಮಾಡುತ್ತಲೇ ಇರಲಿಲ್ಲ.

ಮಿಲ್ಲು ಮುಚ್ಚಿದಾಗ ಸಂಬಳದ ಬಾಕಿ ಎಷ್ಟು ಉಳಿಯಿತು ಅನ್ನುವುದನ್ನು ಎಲ್ಲರೂ ಮಾತಾಡಿದರು, ಮಾತಾಡಲೇಬೇಕಿತ್ತು. ಹಾರ್ಮೋನಿಯಂ ಯಾರ ಮನೆಗೆ ಹೋಯಿತು ಅಂತ ಯಾರೂ ಕೇಳಲಿಲ್ಲ. ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಕೆಲವರು ಮಂಡಕ್ಕಿ ಭಟ್ಟಿಗೆ ಹೋದರು, ಕೆಲವರು ಆಟೊ ಓಡಿಸಿದರು, ಕೆಲವರು ವಾಪಸ್ ಹಳ್ಳಿಗೆ.

ಲೋವೆಲ್ಲಿನಲ್ಲೂ ಹೀಗೇ ಆಗಬಹುದಿತ್ತು. 1950ರ ದಶಕದಲ್ಲಿ ಬೂಟ್ ಮಿಲ್ಲೂ ಮುಚ್ಚಿತು. ಖಾಲಿ ಕಟ್ಟಡಗಳನ್ನು ಕೆಡವಲು ಶುರುಮಾಡಿದ್ದರು ಕೂಡ. ಆಗ ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣ ಇಲಾಖೆಯವರು ಹಟ ಹಿಡಿದರು. ಊರಿನ ಮಕ್ಕಳಿಗೆ ತಮ್ಮ ಅಪ್ಪ-ಅಮ್ಮ ಎಲ್ಲಿಂದ ಬಂದರು, ಏನು ದುಡಿದರು ಅಂತ ಹೆಮ್ಮೆ ಇರಬೇಕು, ಊರೇ ಅವರ ಪಾಠಶಾಲೆ ಆಗಬೇಕು ಅನ್ನುವುದು ಅವರ ವಾದ. ಅದೇ ಊರಲ್ಲಿ ಹುಟ್ಟಿದ ಸಂಸದ ಪಾಲ್ ಸಾಂಗಸ್ ಅದನ್ನು ವಾಷಿಂಗ್ಟನ್ನಿನವರೆಗೆ ಒಯ್ದರು. 1978ರಲ್ಲಿ ಮಿಲ್ಲು, ಕಾಲುವೆ, ಹೆಣ್ಣುಮಕ್ಕಳ ಹಾಸ್ಟೆಲ್ ಎಲ್ಲ ಸೇರಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಯಿತು. ಅಮೆರಿಕದ ರಾಷ್ಟ್ರೀಯ ಜಾನಪದ ಉತ್ಸವ 1934ರಿಂದ ಊರೂರು ತಿರುಗುತ್ತಾ ಬಂದದ್ದು. 1987ರಿಂದ 1989ರವರೆಗೆ ಲೋವೆಲ್ಲಿನಲ್ಲಿ ನಡೆಯಿತು. ಅದು ಮುಂದಿನ ಊರಿಗೆ ಹೊರಟಾಗ ಇಲ್ಲಿನವರು ಬಿಡಲಿಲ್ಲ, 1990ರಿಂದ ತಮ್ಮದೇ ಉತ್ಸವ ಶುರುಮಾಡಿದರು.

ನನಗೆ ಮೆಚ್ಚುಗೆಯಾದ ಇನ್ನೊಂದು ವಿಷಯ, ಕೆಟ್ಟದ್ದನ್ನೂ ಮುಚ್ಚಿಟ್ಟಿಲ್ಲ. ಈ ಮಗ್ಗಗಳಿಗೆ ಬಂದ ಹತ್ತಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆದದ್ದು, 1830ರ ದಶಕದಲ್ಲಿ ಕೂಲಿ ಇಳಿಸಿದ್ದಕ್ಕೆ, ಹಾಸ್ಟೆಲ್ ಖರ್ಚು ಏರಿಸಿದ್ದಕ್ಕೆ ಹುಡುಗಿಯರು ಮುಷ್ಕರ ಹೂಡಿ ಬೀದಿಯಲ್ಲಿ ಹಾಡಿದ್ದು, ಎಲ್ಲ ಅಲ್ಲಿ ಹೇಳುತ್ತಾರೆ. ಎಲ್ಲವೂ ಸರಿಯಿದೆ ಅಂತಲೂ ಅಲ್ಲ. ಎಷ್ಟೋ ಮಿಲ್ಲುಗಳು ಈಗ ಅಪಾರ್ಟ್‌ಮೆಂಟ್ ಆಗಿವೆ. ಅಂಥ ಮನೆಯ ಬಾಡಿಗೆ ಕೂಲಿ ಮಾಡುವವರಿಗೆ ಎಟುಕುವಂಥದ್ದಲ್ಲ.

ಆದರೆ ಕಲಾವಿದರನ್ನು ನಡೆಸಿಕೊಳ್ಳುವ ರೀತಿ ನೋಡಿ. ಪ್ರತಿ ತಂಡಕ್ಕೂ ಒಂದು ವೇದಿಕೆ, ಹಾಡಲು ಬೇಕಾದಷ್ಟು ಹೊತ್ತು, ಒಳ್ಳೆಯ ಮೈಕು. ಮೊದಲು ಒಬ್ಬರು ಬಂದು, ಇವರು ಯಾರು, ಈ ವಾದ್ಯ ಯಾವುದು, ಯಾರಿಂದ ಕಲಿತರು ಅಂತ ಸಮಾಧಾನವಾಗಿ ಹೇಳುತ್ತಾರೆ. ಜನ ಮನೆಯಿಂದ ಕುರ್ಚಿ ತಂದು ಕೂತು ಕೇಳುತ್ತಾರೆ. ನಮ್ಮಲ್ಲಿ? ಡೊಳ್ಳಿನವರು, ವೀರಗಾಸೆಯವರು, ಕಂಸಾಳೆಯವರು ಎಲ್ಲರೂ ಮೆರವಣಿಗೆಯಲ್ಲಿ ನಡೆಯಬೇಕು. ಬಿಸಿಲಲ್ಲಿ, ಬರಿಗಾಲಲ್ಲಿ, ಗಣ್ಯರ ವಾಹನದ ಮುಂದೆ. ಒಂದು ಪದವನ್ನು ಪೂರ್ತಿ ಹೇಳಲು ಬಿಡುವುದಿಲ್ಲ, "ಮುಂದೆ ನಡೀರಿ" ಅನ್ನುತ್ತಾರೆ. ವೇದಿಕೆಯಲ್ಲಿ ಭಾಷಣ ಮುಗಿಯುವ ಹೊತ್ತಿಗೆ ಅವರು ಊಟದ ಸಾಲಿನಲ್ಲಿ ನಿಂತಿರುತ್ತಾರೆ. ಕನ್ನಡದ ಜಾನಪದ ಯಾವ ದೇಶದ ಜಾನಪದಕ್ಕೂ ಕಡಿಮೆಯಿಲ್ಲ. ಕೂತು ಕೇಳುವ ವ್ಯವಧಾನ ನಮಗೆ ಬೇಕು ಅಷ್ಟೇ.

ಈಗ ರಾತ್ರಿ ಊಟ ಆದ ಮೇಲೆ ಅಪ್ಪಾಜಿ ಭಜನೆ ಪದಗಳನ್ನು ಹೇಳುತ್ತಾರೆ, ಮಗಳು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ. ನಡುವೆ ಸಾಲು ಮರೆತರೆ ಊರಿನ ಗೆಳೆಯರಿಗೆ ಫೋನ್ ಮಾಡುತ್ತಾರೆ. ಅಲ್ಲಿ ಆಗ ಬೆಳಗ್ಗೆ. ಅವರಿಗೆ ಒಂದು ಸಾಲು ನೆನಪಿದ್ದರೆ ಇವರಿಗೆ ಇನ್ನೊಂದು. ಹಾರ್ಮೋನಿಯಂ ಸಿಕ್ಕಿದೆಯಂತೆ, ಒಬ್ಬರ ಅಟ್ಟದ ಮೇಲಿದೆ, ಅದರ ಎರಡು ಮನೆ (ಕೀಲಿ) ಒತ್ತಿದರೆ ಏಳುವುದಿಲ್ಲವಂತೆ.

ದಾವಣಗೆರೆ, ಹುಬ್ಬಳ್ಳಿ, ಗೋಕಾಕ, ಬೆಂಗಳೂರಿನ ಮಿಲ್ ಕುಟುಂಬದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಮನೆಯಲ್ಲೂ ಭಜನೆ ಪುಸ್ತಕ, ಹಾಜರಿ ಕಾರ್ಡು, ಸಂಘದ ಫೋಟೊ, ತಾಳ, ದಮ್ಮಡಿ ಏನಾದರೂ ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೊ ತೆಗೆದು ಇಟ್ಟುಕೊಳ್ಳಿ. ಹಾಡು ಗೊತ್ತಿದ್ದ ಹಿರಿಯರಿದ್ದರೆ ಈ ಭಾನುವಾರವೇ ಕೂರಿಸಿ ಹಾಡಿಸಿ. ಚಳಿಗಾಲದ ರಜೆಗೆ ನಾವು ಬರುತ್ತೇವೆ. ಅಪ್ಪಾಜಿಯ ಹಳೇ ಗೆಳೆಯರು ಒಂದು ಸೋಮವಾರ ರಾತ್ರಿ ಭಜನೆಗೆ ಸೇರುವುದು ಅಂತ ಮಾತಾಗಿದೆ. ದಾವಣಗೆರೆಯಲ್ಲಿರುವವರು ನೀವೂ ಬನ್ನಿ, ನಿಮ್ಮ ಮಕ್ಕಳನ್ನೂ ಕರೆತನ್ನಿ.