ಅಂಗೈಯಗಲದ ಸಿಡಿ

ಕಪಾಟು ಒರೆಸುವಾಗ ಜಪಾನಿನ ಒಂದು ಪುಟ್ಟ ಸಿಡಿ ಸಿಕ್ಕಿತು. ಗೆಳೆಯ ಟೋಕಿಯೋದಿಂದ ತಂದುಕೊಟ್ಟಿದ್ದು. ಅಗಲ ಬರೀ 8 ಸೆಂಟಿಮೀಟರ್. 1988ರಿಂದ ಹತ್ತು ಹನ್ನೆರಡು ವರ್ಷ ಅಲ್ಲಿ ಸಿಂಗಲ್‌ಗಳು, ಅಂದರೆ ಒಂದೆರಡು ಹಾಡಿನ ಸಿಡಿಗಳು, ಜಾಸ್ತಿ ಹೀಗೇ ಬರುತ್ತಿದ್ದವು. ಎರಡು ಹಾಡು, ಜೊತೆಗೆ ಹಾಡಿಕೊಳ್ಳೋಕೆ ಕರೋಕೆ ಟ್ರ್ಯಾಕ್.

ನನಗೆ ತುಂಬಾ ಇಷ್ಟವಾಗೋದು ಅದರ ಹೊದಿಕೆ. ಸಿಡಿಯ ಎರಡರಷ್ಟು ಉದ್ದದ ರಟ್ಟು, ಒಳಗೆ ಪ್ಲಾಸ್ಟಿಕ್ ತಟ್ಟೆ. ಅರ್ಧದಲ್ಲಿ ಸಿಡಿ, ಇನ್ನರ್ಧ ಖಾಲಿ. ಬೇಕಾದರೆ ಆ ಖಾಲಿ ಭಾಗ ಮುರಿದು, ರಟ್ಟು ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. ಜಪಾನಿನಲ್ಲಿ ಇದಕ್ಕೆ ‘ತಂಜಾಕು’ ಅಂತಾರೆ. ಕವಿತೆ ಬರೆಯುವ ಉದ್ದನೆಯ ಕಾಗದದ ಪಟ್ಟಿಯ ಹೆಸರು ಅದು. ತನಬಾತ ಹಬ್ಬದಲ್ಲಿ ಅದರ ಮೇಲೆ ಕೋರಿಕೆ ಬರೆದು ಬಿದಿರಿಗೆ ಕಟ್ಟುತ್ತಾರೆ. ಎರಡು ಹಾಡಿನ ಪೊಟ್ಟಣಕ್ಕೆ ಎಂಥ ಚಂದದ ಹೆಸರು ಅಲ್ವಾ?

ನನ್ನದನ್ನು ಯಾರೂ ಮುರಿದಿಲ್ಲ. ಮಧ್ಯದ ಗೀರು ಹಾಗೇ ಇದೆ. ಅದರ ಮೇಲೆ ಬೆರಳಾಡಿಸಿದೆ, ಮುರಿಯೋಕೆ ಮನಸ್ಸು ಬರಲಿಲ್ಲ.

ನಮ್ಮ ಹಳೇ ಪ್ಲೇಯರ್‌ನ ತಟ್ಟೆಯ ನಡುವೆ ಇನ್ನೊಂದು ಚಿಕ್ಕ ಗುಂಡನೆಯ ತಗ್ಗು ಇದೆ. ಅದು ಯಾಕೆ ಅಂತ ಇಷ್ಟು ವರ್ಷ ಯೋಚಿಸಿರಲೇ ಇಲ್ಲ. ಇವತ್ತು ಈ ಸಿಡಿ ಇಟ್ಟೆ. ಅಳತೆ ತೆಗೆದ ಹಾಗೆ ಕೂತುಕೊಂಡಿತು.