ಜಕ್ಕೂರು ಕೆರೆ ಏರಿಯ ಮೇಲೆ ಒಂದು ಭಾನುವಾರ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯವರೆಲ್ಲ ಬೆಂಗಳೂರಿನ ಜಕ್ಕೂರು ಕೆರೆ ಏರಿಯ ಮೇಲೆ ಸೇರಿದ್ದೆವು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗಾಗಿ ರಾತ್ರಿಯೆಲ್ಲ ಕಾದಿದ್ದನ್ನು ಯಾರೂ ಮರೆತಿಲ್ಲ.

ತಲೆಮಾರುಗಳಿಂದ ಬಾವಿ ತೋಡುವ ಮಣ್ಣು ವಡ್ಡರ ಸಮುದಾಯದ ಹಿರಿಯರೊಬ್ಬರು, ಮಳೆನೀರನ್ನು ನೆಲದೊಳಕ್ಕೆ ಇಂಗಿಸುವ ಇಂಗುಬಾವಿಯ ಬಗ್ಗೆ ಹೇಳಿಕೊಡಲು ಬಂದಿದ್ದರು. ಒಂದು ಹಿಡಿ ಮಣ್ಣು ತೆಗೆದುಕೊಂಡು, ನೀರು ಚಿಮುಕಿಸಿ, ಹೆಬ್ಬೆರಳಲ್ಲಿ ಉಜ್ಜಿದರು. ಮಣ್ಣು ಎಣ್ಣೆ ಹಚ್ಚಿದ ಹಾಗೆ ಹೊಳೆಯಿತು. "ಇದು ಜೇಡಿ ಕಣಮ್ಮ, ನೀರು ಕುಡಿಯಲ್ಲ. ಇದನ್ನ ದಾಟಿ ನೀರು ಇಳಿಯೋ ಗರಸು ಮಣ್ಣು ಸಿಗೋವರೆಗೂ ಇಳೀಬೇಕು" ಅಂದರು. ಎಷ್ಟು ಪುಸ್ತಕ ಓದಿದರೂ ಆ ಬೆರಳಿಗಿರುವ ಜ್ಞಾನ ನನಗೆ ಬರಲ್ಲ.

ಲೆಕ್ಕವನ್ನೂ ಹಾಕಿದೆವು. 100 ಚದರ ಮೀಟರ್ ತಾರಸಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಂದರೆ ನಮ್ಮ ಮನೆ ಮೇಲೇ 90 ಸಾವಿರ ಲೀಟರ್! ಅಷ್ಟೂ ಸುಮ್ನೆ ಮೋರಿ ಸೇರುತ್ತಿತ್ತಲ್ಲ ಅಂತ ಹೊಟ್ಟೆ ಉರಿಯಿತು.

ತಾರಸಿ ಗುಡಿಸಿರಬೇಕು, ಮೊದಲ ಮಳೆ ನೀರನ್ನು ಹೊರಗೆ ಬಿಡಬೇಕು, ಬಚ್ಚಲ ನೀರಂತೂ ಇಂಗುಬಾವಿಗೆ ಬೀಳಲೇಬಾರದು ಅಂತ ಆ ಹಿರಿಯರು ಒತ್ತಿ ಹೇಳಿದರು.

ಮುಂದಿನ ವಾರ ಜಾಗ ನೋಡಲು ಅವರು ಮನೆಗೆ ಬರುತ್ತಾರೆ. ಅಮ್ಮ ಆಗಲೇ ದಾಸವಾಳದ ಪಕ್ಕ ಸುಣ್ಣದಲ್ಲಿ ಗುಂಡಗೆ ಗೆರೆ ಎಳೆದಿಟ್ಟಿದ್ದಾರೆ.