ಪ್ಯಾರಿಸ್‌ನ ಸಾಲು, ಹೈಟಿಯ ಬೆಂಕಿ

ಬುಧವಾರ, 6 ಆಗಸ್ಟ್ 2025

ಪುಟ್ಟಿಗೆ ನಾಳೆ ಸಮಾಜ ವಿಜ್ಞಾನದ ಟೆಸ್ಟ್. ಫ್ರೆಂಚ್ ಕ್ರಾಂತಿಯ ಕಾರಣಗಳನ್ನು ಉರು ಹೊಡೆಯುತ್ತಿದ್ದಳು. ಬ್ರೆಡ್ಡಿನ ಬೆಲೆ, ರಾಜನ ಸಾಲ, ಪಾದ್ರಿಗಳಿಗೆ ತೆರಿಗೆ ವಿನಾಯಿತಿ, ಆಮೇಲೆ ಸ್ವಾತಂತ್ರ್ಯ, ಸಮಾನತೆ ಅಂತೆಲ್ಲ ಬರೆದ ರೂಸೋ, ವಾಲ್ಟೇರ್. ಇದ್ದಕ್ಕಿದ್ದಂತೆ, "ಅತ್ತೆ, ಆಗ ಓದು ಬಾರದವರೇ ಜಾಸ್ತಿ ಅಲ್ವಾ? ರೂಸೋ ಬರೆದದ್ದು ಅವರಿಗೆ ಹೇಗೆ ಗೊತ್ತಾಯ್ತು?" ಅಂದಳು.

ಟೆಸ್ಟಿಗೆ ಬರೋ ಪ್ರಶ್ನೆಯಲ್ಲ. ಆದರೂ ಸಂಜೆಯೆಲ್ಲ ಅದರಲ್ಲೇ ಹೋಯಿತು.

ನಾನು ಕೆರಿಬಿಯನ್ ಸಮುದ್ರದ ಹೈಟಿಯ ಕಥೆ ಹೇಳಿದೆ. ಆಗ ಅದು ಸಾಂ ದೊಮಿಂಗ್, ಫ್ರಾನ್ಸಿನ ವಸಾಹತು. ಸಕ್ಕರೆ, ಕಾಫಿ ಬೆಳೆಯಲು ಸುಮಾರು 5 ಲಕ್ಷ ಗುಲಾಮರು. 1789ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಸಭೆ, ಮನುಷ್ಯರು ಹುಟ್ಟಿನಿಂದಲೇ ಸ್ವತಂತ್ರರು, ಹಕ್ಕಿನಲ್ಲಿ ಸಮಾನರು ಅಂತ ಘೋಷಿಸಿತು. ತೋಟದ ಮಾಲೀಕರು ಅಲ್ಲೇ ಒಂದು ಕ್ಲಬ್ ಕಟ್ಟಿಕೊಂಡು, ಇದು ವಸಾಹತುಗಳಿಗೆ ಬೇಡ ಅಂತ ಪಟ್ಟು ಹಿಡಿದರು. ಆ ಒಂದು ಸಾಲು ಏನು ಮಾಡಬಲ್ಲದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು!

1791ರ ಆಗಸ್ಟ್‌ನಲ್ಲಿ ಗುಲಾಮರು ತೋಟಗಳಿಗೆ ಬೆಂಕಿ ಇಟ್ಟರು. ಪ್ಯಾರಿಸ್ ಗುಲಾಮಗಿರಿ ರದ್ದು ಮಾಡಿದ್ದು 1794ರ ಫೆಬ್ರವರಿಯಲ್ಲಿ. ಘೋಷಣೆಯಾಗಿ ನಾಲ್ಕೂವರೆ ವರ್ಷ ಆಗಿತ್ತು.

"ಅಂದ್ರೆ ರೂಸೋನ ಓದಿದವರು ಸುಮ್ನೆ ಕೂತಿದ್ರು, ಓದದವರು ಕೆಲಸ ಮಾಡಿದ್ರು."

ಪೂರ್ತಿ ಹಾಗೂ ಅಲ್ಲ. ಚಾಟಿ ಏಟು ತಿಂದವನಿಗೆ ತಾನು ಮನುಷ್ಯ ಅಂತ ತಿಳಿಯಲು ರೂಸೋ ಬೇಕಿಲ್ಲ, ನಿಜ. ಆದರೆ ಆಳುವವರು ತಾವೇ ಬರೆದುಕೊಂಡ ಮಾತನ್ನು ಅವರ ಮುಂದೆಯೇ ಹಿಡಿದರೆ ನುಣುಚಿಕೊಳ್ಳೋದು ಕಷ್ಟ. ಒಂದು ಕಾಲಕ್ಕೆ ಗುಲಾಮನಾಗಿದ್ದ ಜಾಂ ಬಾತಿಸ್ತ್ ಬೆಲೇ, ಆ ಫೆಬ್ರವರಿಯಲ್ಲಿ ಸಾಂ ದೊಮಿಂಗ್‌ನ ಪ್ರತಿನಿಧಿಯಾಗಿ ಪ್ಯಾರಿಸ್‌ನ ಸಭೆಯಲ್ಲೇ ಕೂತಿದ್ದ. ಬೆಂಕಿ ಇಲ್ಲದೆ ಅವನು ಅಲ್ಲಿಗೆ ಬರುತ್ತಿರಲಿಲ್ಲ. ಆ ಸಾಲು ಇಲ್ಲದಿದ್ದರೆ ಅವನಿಗೆ ಕುರ್ಚಿಯೂ ಸಿಗುತ್ತಿರಲಿಲ್ಲ ಅನ್ನಿಸುತ್ತೆ.

ಅಮ್ಮನ ಫೋನ್. ಮಂಡಿ ನೋವು ಮತ್ತೆ ಜಾಸ್ತಿಯಂತೆ. ಡಾಕ್ಟರ್ ಹತ್ತಿರ ಹೋಗು ಅಂದರೆ ಮಾತು ಬದಲಿಸುತ್ತಾರೆ. ಶನಿವಾರ ಊರಿಗೆ ಹೋಗಬೇಕು.

ಪುಟ್ಟಿ ಮಲಗಿದಳು. ಉಳಿದದ್ದನ್ನು ಅವಳಿಗೆ ಹೇಳಲಿಲ್ಲ. 1802ರಲ್ಲಿ ನೆಪೋಲಿಯನ್ ಗುಲಾಮಗಿರಿಯನ್ನು ಮತ್ತೆ ತಂದ. ದಂಗೆಯೆದ್ದ ಗುಲಾಮರ ನಾಯಕ ತೂಸಾಂ ಲೂವೆರ್ತೂರ್ 1803ರಲ್ಲಿ ಫ್ರಾನ್ಸಿನ ಚಳಿಯ ಕೋಟೆಯೊಂದರಲ್ಲಿ ಕೈದಿಯಾಗಿ ಸತ್ತ. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆ ತಂದು ನಿಲ್ಲಿಸಿ, ಮಾಲೀಕರ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಅಂತ ಕೇಳಿತು. ಯಾರು ಯಾರಿಗೆ ಕೊಡಬೇಕಿತ್ತು!

ಆಗ ಫ್ರಾನ್ಸಿನಲ್ಲಿ ಮತ್ತೆ ರಾಜನ ಆಳ್ವಿಕೆ ಇತ್ತು, ಅದಕ್ಕೇ ಹಾಗೆ ಅನ್ನಬಹುದು. ಆದರೆ 1848ರಲ್ಲಿ ಉಳಿದ ವಸಾಹತುಗಳ ಗುಲಾಮರನ್ನು ಬಿಡಿಸಿದ್ದು ಗಣರಾಜ್ಯವೇ. ಅದೂ ಮುಂದಿನ ವರ್ಷ ಪರಿಹಾರ ಕೊಟ್ಟದ್ದು ಮಾಲೀಕರಿಗೇ, ಗುಲಾಮರಿಗಲ್ಲ. ಹಾಗಾದರೆ ರಾಜ ಇದ್ದರೇನು, ಇಲ್ಲದಿದ್ದರೇನು, ಆ ಸಾಲಿನ ಲೆಕ್ಕ ತೀರಲೇ ಇಲ್ಲ.